ಸದ್ದಿಲ್ಲದ ಅರ್ಧ ಗಂಟೆ

ಮನೆ ಮಾರಿಸುವ ಕಂಪನಿಯೊಂದರ ವೆಬ್‌ಸೈಟಿಗೆ ವಿಡಿಯೊ ಸಿದ್ಧಮಾಡಿ ಏರಿಸುವುದು ಸೊಸೆಯ ಕೆಲಸ. ಖಾಲಿ ಮನೆಯೊಳಗೆ ಏಜೆಂಟರು ಕ್ಯಾಮೆರಾ ಹಿಡಿದು ಓಡಾಡುತ್ತ, "ಇದು... ಅಂದ್ರೆ... ಹಾಂ, ಅಡುಗೆಮನೆ" ಎಂದು ತಡವರಿಸಿದ್ದೆಲ್ಲ ಅವಳ ಮೇಜಿಗೆ ಬರುತ್ತದೆ. ಬರುವಾಗ ಆನೆಗಾತ್ರದ ಫೈಲು, ಅವಳ ಕೈದಾಟಿ ಹೋಗುವಾಗ ಆಡಿನಷ್ಟು. ಗುಟ್ಟೇನೂ ಇಲ್ಲ. ಮಾತಿಲ್ಲದ ಜಾಗಗಳನ್ನೆಲ್ಲ ತಾನೇ ಹುಡುಕಿ ಕಿತ್ತುಹಾಕುವ ಒಂದು ಬಟನ್ ಅವಳ ಸಾಫ್ಟ್‌ವೇರಿನಲ್ಲಿದೆ. ಅದನ್ನೊತ್ತಿದರೆ ತೊದಲುವ ಏಜೆಂಟನೂ ಮಾತಿನ ಮಲ್ಲನಾಗಿಬಿಡುತ್ತಾನೆ. ಒತ್ತಿ ಒತ್ತಿ ಎಷ್ಟು ರೂಢಿಯಾಗಿತ್ತೆಂದರೆ, ಅವಳ ತಲೆ ಎಲ್ಲೋ ಇರುತ್ತಿತ್ತು, ಬೆರಳು ತನ್ನ ಪಾಡಿಗೆ ಕೆಲಸ ಮುಗಿಸಿರುತ್ತಿತ್ತು.

ಅವಳ ಅತ್ತೆಗೆ ಹುಟ್ಟಿನಿಂದ ಕಿವಿ ಕೇಳಿಸದು. ಮನೆಯಲ್ಲೇ ಬಟ್ಟೆ ಹೊಲಿಯುವವರು, ಮಾತೆಲ್ಲ ಕೈಯಲ್ಲಿ. ಆ ಕೈಮಾತನ್ನು ಯಾವ ಶಾಲೆಯೂ ಕಲಿಸಿದ್ದಲ್ಲ. ಅತ್ತೆಯ ಅಕ್ಕನಿಗೂ ಕಿವಿ ಕೇಳಿಸದು. ಅಕ್ಕತಂಗಿಯರು ಚಿಕ್ಕಂದಿನಲ್ಲಿ ತಮ್ಮಿಬ್ಬರಿಗೆಂದೇ ಅಳತೆ ತೆಗೆದು ಹೊಲಿದುಕೊಂಡ ಭಾಷೆ ಅದು. ಅದನ್ನು ಪೂರ್ತಿ ಬಲ್ಲವರು ಇಡೀ ಲೋಕದಲ್ಲಿ ಅವರಿಬ್ಬರೇ. ಲಿಫ್ಟ್ ರಿಪೇರಿ ಮಾಡುವ ಮಗನಿಗೆ, ಅಂದರೆ ಸೊಸೆಯ ಗಂಡನಿಗೆ, ಮುಕ್ಕಾಲು ಪಾಲು ಬರುತ್ತದೆ. ಸೊಸೆಗೆ ಬರುವುದು ಊಟ, ನೀರು, ಸಾಕು, ಇಷ್ಟೇ. ಅತ್ತೆ ಸೊಸೆ ಒಂದು ಒಳ್ಳೆಯ ಜಗಳ ಆಡುವುದಕ್ಕೂ ಸಾಲದು.

ಈಗ ಆ ಅಕ್ಕನ ಕಣ್ಣು ಹೋಗುತ್ತಿತ್ತು. ನೋಟ ಸುತ್ತಲಿಂದ ಕಿರಿದಾಗುತ್ತ ಬಂದು ಬಳೆಯೊಳಗಿಂದ ಇಣುಕಿದಷ್ಟು ಉಳಿದಿದೆ, ಅದೂ ಹೆಚ್ಚು ದಿನ ಇರದು ಎಂದು ಡಾಕ್ಟರು ಹೇಳಿದ್ದರು. ಅಕ್ಕ ಇರುವುದು ಬಹಳ ದೂರದ ಊರಿನಲ್ಲಿ, ಮಗಳ ಮನೆಯಲ್ಲಿ. ರೈಲು ಹತ್ತಿ ಹೋಗಿಬಿಡೋಣವೆಂದರೆ ಅತ್ತೆ ಮೆಟ್ಟಿಲಲ್ಲಿ ಜಾರಿ ಬಿದ್ದು ತೊಡೆಯವರೆಗೆ ಪ್ಲಾಸ್ಟರ್. ಅದನ್ನು ಬಿಚ್ಚುವಷ್ಟರಲ್ಲಿ ಅಕ್ಕನ ಕಣ್ಣು ಇರುವ ಭರವಸೆ ಯಾರಿಗೂ ಇರಲಿಲ್ಲ. ಕಿವಿ ಇಲ್ಲದವರಿಗೆ ಕಣ್ಣೂ ಹೋದರೆ ಆಮೇಲೆ ಏನು ಹೇಳಿದರೂ ಗೋಡೆಗೆ ಹೇಳಿದ ಹಾಗೆ. ಅತ್ತೆ ಮಗನನ್ನು ಎದುರಿಗೆ ಕೂರಿಸಿಕೊಂಡು ಕೈಯಲ್ಲಿ ಹೇಳಿದ್ದು ಇಷ್ಟು: "ಅವಳು ಕತ್ತಲೆಗೆ ಹೋಗೋದ್ರೊಳಗೆ ನಾನು ಅವಳ ಹತ್ರ ಒಂದ್ಸಲ ಮನಸಾರೆ ಮಾತಾಡ್ಬೇಕು."

ವಿಡಿಯೊ ಕರೆ ಮಾಡಿ ನೋಡಿದ್ದಾಯಿತು. ಅಕ್ಕನ ಊರಿನ ನೆಟ್ ತೀರಾ ಸೊರಗಿದ್ದು. ಎತ್ತಿದ ಕೈ ಚೌಕ ಚೌಕವಾಗಿ ಒಡೆದು, ಇಳಿಸುವ ಹೊತ್ತಿಗೆ ಚಿತ್ರವೇ ನಿಂತುಹೋಗುತ್ತಿತ್ತು. ಫೋನಿನಿಂದ ಕಳಿಸಿದ ತುಣುಕುಗಳೂ ದಾರಿಯಲ್ಲೇ ಹಿಂಡಿ ಹಿಪ್ಪೆಯಾಗಿ ತಲುಪುತ್ತಿದ್ದವು. ಕಿವುಡರ ಸಂಘದ ವೆಬ್‌ಸೈಟಿನಲ್ಲಿ ಹಿರಿಯರ ಮಾತಿಗೆಂದೇ ಒಂದು ಪುಟವಿತ್ತು. ಅಲ್ಲಿ ಹಾಕಿದರೆ ಅಕ್ಕನ ಮಗಳು ನಿಧಾನಕ್ಕೆ ಪೂರ್ತಿ ಇಳಿಸಿಕೊಂಡು ಟಿವಿಯಲ್ಲಿ ತೋರಿಸಬಹುದಿತ್ತು. ಆದರೆ ಒಬ್ಬರಿಗೆ ಒಂದೇ ವಿಡಿಯೊ, ಫೈಲಿನ ಗಾತ್ರಕ್ಕೂ ಒಂದು ಮಿತಿ, ಮೀರಿದರೆ ಸೈಟು ಒಳಗೇ ಬಿಟ್ಟುಕೊಳ್ಳದು. ಸೊಸೆಗೆ ಇದು ನೀರು ಕುಡಿದಷ್ಟು ಸುಲಭ ಎನ್ನಿಸಿತು. ಅಪರೂಪಕ್ಕೆ ಅತ್ತೆಗೆ ತನ್ನಿಂದ ಒಂದು ಉಪಕಾರವಾಗುತ್ತದಲ್ಲ ಎಂದು ಖುಷಿಯೂ ಆಯಿತು.

ಹೊಲಿಗೆ ಮಿಷನ್ನಿನ ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂತರು, ಪ್ಲಾಸ್ಟರಿನ ಕಾಲು ಸ್ಟೂಲಿನ ಮೇಲೆ. ಹಿಂದೆ ಹೂವಿನ ಕರ್ಟನ್, ತಲೆಯ ಮೇಲೆ ಫ್ಯಾನು. ಅರ್ಧ ಗಂಟೆ ಕೈ ಬಿಡುವಿಲ್ಲದೆ ಆಡಿತು. ಸೊಸೆ ಫೈಲನ್ನು ಕಂಪ್ಯೂಟರಿಗೆ ಹಾಕಿ ಎಂದಿನ ಕೆಲಸ ಎಂದಿನಂತೆ ಮುಗಿಸಿದಳು. ಎಷ್ಟು ಪುಟ್ಟದಾಯಿತೆಂದರೆ ಸೈಟು ಕಣ್ಣು ಮಿಟುಕಿಸುವುದರೊಳಗೆ ನುಂಗಿಕೊಂಡಿತು. ಅವಳು ಬೀಗುತ್ತ ಕಾಫಿ ಕುಡಿಯಲು ಹೋದಳು.

ಮರುದಿನ ಅಕ್ಕನ ಮಗಳಿಂದ ಸಂದೇಶ ಬಂತು: "ಅಮ್ಮ ಕೇಳ್ತಿದ್ದಾರೆ, ಚಿಕ್ಕಮ್ಮಂಗೆ ಕೆಮ್ಮು ಅಷ್ಟೊಂದು ಜಾಸ್ತಿನಾ ಅಂತ."

ಮೂವರೂ ಕೂತು ನೋಡಿದರು. ಅತ್ತೆ ಕೆಮ್ಮುತ್ತಾರೆ. ಕುಕ್ಕರ್ ಸೀಟಿ ಹೊಡೆಯುತ್ತದೆ. ಪ್ಲಾಸ್ಟರಿನ ಕಾಲು ಸ್ಟೂಲಿಗೆ ಬಡಿಯುತ್ತದೆ. ಅತ್ತೆ ಮತ್ತೆ ಕೆಮ್ಮುತ್ತಾರೆ. ಮುಗಿಯಿತು. ಸದ್ದಿದ್ದದ್ದೆಲ್ಲ ಉಳಿದಿತ್ತು, ಸದ್ದಿಲ್ಲದ ಅಷ್ಟೂ ಮಾತನ್ನು ಬಟನ್ನು ಗುಡಿಸಿ ಹೊರಗೆ ಹಾಕಿತ್ತು. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಅಮ್ಮನ ಮುಖ ಕಂಡದ್ದೇ ನಗು ಬಾಯಲ್ಲೇ ಉಳಿಯಿತು. ನಾನು ಹೇಳಿದ್ದೆಲ್ಲ ಎಲ್ಲಿ ಹೋಯಿತು ಎಂದು ಅತ್ತೆ ಕೇಳುತ್ತಿದ್ದರು, ಅದೂ ಮಗನನ್ನಲ್ಲ, ಸೊಸೆಯನ್ನು. ಇಷ್ಟು ದಿನ ಒಂದೇ ಸೂರಿನಡಿ ಇದ್ದು ಅತ್ತೆ ಸುಮ್ಮನಿರುತ್ತಾರೆ ಎಂದೇ ತಿಳಿದುಕೊಂಡಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಪುಣ್ಯಕ್ಕೆ ಮೂಲ ಫೈಲು ಹಾಗೇ ಇತ್ತು. ಅದನ್ನು ಪೂರ್ತಿ ಹಾಕಹೋದರೆ ಸೈಟು ಬೇಡವೆಂದಿತು. ಅವಳು ಒಂದೊಂದು ಸೆಕೆಂಡಿನಲ್ಲಿರುವ ಚಿತ್ರಗಳಲ್ಲಿ ಅರ್ಧ ತೆಗೆದಳು. ಮನೆ ತೋರಿಸುವ ವಿಡಿಯೊಗಳಲ್ಲಿ ಹೀಗೆ ಮಾಡಿದರೆ ಯಾರಿಗೂ ತಿಳಿಯದು, ಗೋಡೆಗಳೇನೂ ಓಡಾಡುವುದಿಲ್ಲ. ಈ ಸಲ ಮೊದಲು ಅತ್ತೆಗೇ ತೋರಿಸಿದಳು. ಅತ್ತೆ ನೋಡಿ ಹುಬ್ಬು ಗಂಟಿಕ್ಕಿ, ಈ ಹೆಂಗಸು ಯಾಕೆ ತೊದಲುತ್ತಾಳೆ ಎಂದು ಮಗನನ್ನು ಕೇಳಿದರು. ಚಿತ್ರಗಳನ್ನೆಲ್ಲ ವಾಪಸು ತಂದು, ಬದಲಿಗೆ ಅವುಗಳ ಸ್ಪಷ್ಟತೆ ಇಳಿಸಿದಳು. ಐದು ಬೆರಳೂ ಒಂದೇ ಮುದ್ದೆಯಾದವು. ಆ ವಾರವೇ ಅಕ್ಕನ ಮಗಳು ಬರೆದಳು: ಅಮ್ಮ ಮೇಜಿನ ಮೇಲೆ ಕಣ್ಣೆದುರೇ ಇದ್ದ ಲೋಟವನ್ನು ಕೈಯಿಂದ ತಡಕಾಡಿ ಹುಡುಕಿದರಂತೆ. ಸೊಸೆ ಆಫೀಸಿನಲ್ಲಿ ಯಾರದೋ ಈಜುಕೊಳದ ವಿಡಿಯೊ ಮುಂದಿಟ್ಟುಕೊಂಡು ಅತ್ತೆಯ ಬೆರಳುಗಳನ್ನೇ ನೆನೆಯುತ್ತ ಕೂತಳು.

ತಲೆ ಚಿಟ್ಟುಹಿಡಿದು ಅವಳು ಬೇರೇನೂ ತೋಚದೆ, ಫೈಲಿನ ಯಾವ ಭಾಗ ಎಷ್ಟು ತೂಕವಿದೆ ಎಂದು ತೋರಿಸುವ ಗೆರೆಯನ್ನು ತೆರೆದಳು. ಗೆರೆ ಉದ್ದಕ್ಕೂ ಗುಡ್ಡದಂತೆ ಎದ್ದಿತ್ತು, ನಡುವೆ ಒಂದು ಕಡೆ ಮಾತ್ರ ನೆಲಕ್ಕಿಳಿದಿತ್ತು. ಅಲ್ಲೇನು ಅತ್ತೆ ಮಾತು ನಿಲ್ಲಿಸಿದ್ದರೇ ಎಂದು ಆ ಜಾಗ ಹಾಕಿ ನೋಡಿದರೆ, ಕೈ ಎಂದಿಗಿಂತ ಜೋರಾಗಿಯೇ ಓಡುತ್ತಿತ್ತು. ಬೆರಳು ಬೆರಳೂ ಬಿಡಿಬಿಡಿಯಾಗಿ, ಉಗುರು ಸಮೇತ ಕಾಣುತ್ತಿತ್ತು. ಮತ್ತೆ ನೋಡಿದಳು. ಆಗ ಕರೆಂಟ್ ಹೋಗಿತ್ತು. ಫ್ಯಾನು ನಿಂತು, ಕರ್ಟನ್ನೂ ನಿಂತಿತ್ತು.

ವಿಡಿಯೊ ಅಲುಗದ್ದನ್ನು ಒಮ್ಮೆ ಬರೆದುಕೊಂಡು ಸುಮ್ಮನಾಗುತ್ತದೆ, ಅಲುಗುವುದನ್ನಷ್ಟೇ ಮತ್ತೆ ಮತ್ತೆ ಬರೆಯುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗೋಡೆ ಬಾಗಿಲುಗಳ ನಡುವೆ ಅದನ್ನು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಇಷ್ಟು ದಿನ ಅವಳು ದೂರದ ಊರಿಗೆ ಸಾಗಿಸಲು ಒದ್ದಾಡಿದ್ದು ಅತ್ತೆಯ ಮಾತನ್ನಲ್ಲ, ಕರ್ಟನ್ನಿನ ಮೇಲೆ ಕುಣಿಯುತ್ತಿದ್ದ ನೂರಾರು ಹೂಗಳನ್ನು. ಇಡೀ ಲೋಕ ಸುಮ್ಮನಾದರೆ ಎರಡು ಕೈಗಳಿಗೆ ಎಷ್ಟು ಜಾಗ ಬೇಕು? ಅವಳು ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದಳು.

ಕರ್ಟನ್ ಬಿಚ್ಚಿದರು. ಅತ್ತೆಯೇ ಲೈನಿಂಗಿಗೆಂದು ತಂದಿಟ್ಟ ಕಪ್ಪು ಬಟ್ಟೆಯ ಥಾನು ಬಿಚ್ಚಿ ಹಿಂದೆ ಇಳಿಬಿಟ್ಟರು. ಅತ್ತೆ ಚುಕ್ಕಿಯೂ ಗೆರೆಯೂ ಇಲ್ಲದ ಗಾಢ ಬಣ್ಣದ ಬಟ್ಟೆ ಉಟ್ಟರು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿದರು. ಸೊಸೆ ಮುಷ್ಟಿಯನ್ನು ಕೊಳವೆ ಮಾಡಿ ಒಂದು ಕಣ್ಣಿಗೆ ಹಿಡಿದು ನೋಡಿದಳು, ದೊಡ್ಡತ್ತೆಗೆ, ಅಂದರೆ ಅತ್ತೆಯ ಅಕ್ಕನಿಗೆ, ಕಾಣುವುದು ಇಷ್ಟೇ ತಾನೆ. ಅತ್ತೆಯ ಕೈ ಅಗಲಕ್ಕೆ ಬೀಸಿದಾಗಲೆಲ್ಲ ಆ ತೂತಿನಿಂದ ಆಚೆ ಹೋಗುತ್ತಿತ್ತು. ಕೈಗಳನ್ನು ಮುಖದ ಹತ್ತಿರವೇ ಇಟ್ಟುಕೊಳ್ಳಿ ಎಂದು ಗಂಡನ ಮೂಲಕ ಹೇಳಿಸಿದಳು. ಅತ್ತೆ ಒಮ್ಮೆ ಹಾಗೆ ಮಾಡಿ ನೋಡಿ ತುಂಟ ಹುಡುಗಿಯ ಹಾಗೆ ನಕ್ಕರು.

"ಏನಂತೆ?" ಎಂದಳು ಸೊಸೆ.

"ಇದು ನಮ್ಮ ಪಿಸುಮಾತು ಅಂತಿದ್ದಾಳೆ. ಮನೇಲಿ ಯಾರಿಗೂ ಗೊತ್ತಾಗಬಾರ್ದು ಅಂದ್ರೆ ಹೀಗೇ ಮಾತಾಡ್ತಿದ್ರಂತೆ."

ಬೆವರಿಳಿಸಿಕೊಂಡು ಅತ್ತೆ ಶುರು ಮಾಡಿದರು. ಗಂಡ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುತ್ತ ಹೋದ. ಅಕ್ಕತಂಗಿಯರು ಸುತ್ತಲಿನವರಿಗೆಲ್ಲ ಕೈಯಲ್ಲೇ ಹೆಸರಿಟ್ಟ ಕಥೆ. ಅಪ್ಪನ ಹೆಸರು ಮೀಸೆ ತಿರುವುವುದು. ಮೇಷ್ಟರ ಹೆಸರು ಮೂಗು ಒರೆಸಿಕೊಳ್ಳುವುದು. ಸೋದರತ್ತೆಯ ಹೆಸರು ಕತ್ತು ಕೆರೆದುಕೊಳ್ಳುವುದು. ಇಬ್ಬರೂ ಅವಳ ಮುಂದೆಯೇ ಅವಳ ಬಗ್ಗೆ ಮಾತಾಡುತ್ತ ಕೆರೆದುಕೊಂಡು ಕೆರೆದುಕೊಂಡು, ಮಕ್ಕಳಿಗೆ ಕಜ್ಜಿಯಾಗಿದೆಯೆಂದು ಆಕೆ ಇಬ್ಬರಿಗೂ ಮೈತುಂಬ ಮುಲಾಮು ಬಳಿದಿದ್ದಳಂತೆ. ಆಮೇಲೆ ರಾತ್ರಿ ಅಮ್ಮ ಬಂದು ದೀಪ ಆರಿಸುವುದು. ಅಲ್ಲಿಗೆ ನಮ್ಮ ಮಾತು ಮುಗೀತು, ಕತ್ತಲೆ ಅಂದ್ರೆ ನನಗೆ ಅವತ್ತಿನಿಂದಲೂ ಭಯ ಅಕ್ಕಾ, ಎಂದು ಹೇಳಿ ಅತ್ತೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

ಸೊಸೆ ಅಷ್ಟು ಹೊತ್ತೂ ಕ್ಯಾಮೆರಾದ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಕಪ್ಪಿನಲ್ಲಿ ಒಂದು ಮುಖ, ಎರಡು ಕೈ. ದಿನಾ ಕಾಜಾ ಹಾಕುವ, ತರಕಾರಿ ಹೆಚ್ಚುವ ಅದೇ ಕೈ. ಆ ಬೆರಳುಗಳಿಂದ ಮೀಸೆ ಹುಟ್ಟಿತು, ಮುಲಾಮಿನ ಡಬ್ಬಿ ಹುಟ್ಟಿತು, ಒಂದು ಮನೆಯೇ ಎದ್ದು ನಿಂತು ದೀಪ ಹಚ್ಚಿಕೊಂಡಿತು. ಎಷ್ಟೋ ಬಂಗಲೆಗಳನ್ನು ವೆಬ್‌ಸೈಟಿಗೆ ಏರಿಸಿದ್ದ ಅವಳು ಇಂಥದ್ದೊಂದು ಮನೆಯನ್ನು ಹಿಂದೆಂದೂ ನೋಡಿರಲಿಲ್ಲ. ಅವಳಿಗೆ ಉಸಿರಾಡಲೂ ಅಂಜಿಕೆಯಾಯಿತು.

ಒಂದು ಚಿತ್ರವನ್ನೂ ತೆಗೆಯದೆ, ಒಂದು ಕ್ಷಣವನ್ನೂ ಕತ್ತರಿಸದೆ, ಅಷ್ಟೂ ಅರ್ಧ ಗಂಟೆಯನ್ನು ಫೈಲು ಮಾಡಿದಳು. ಮಿತಿಗಿಂತ ಕಡಿಮೆಯೇ ಇತ್ತು. ಸೈಟಿಗೆ ಏರಿಸಲು ಕೊಟ್ಟು ಮೂವರೂ ಪರದೆಯ ಮುಂದೆ ಕೂತರು. ಹಸಿರು ಪಟ್ಟಿ ತೆವಳುತ್ತ ಹೋಗಿ, ಕೊನೆಯಲ್ಲಿ ಯಾಕೋ ನಿಂತು ಎಲ್ಲರ ಜೀವ ತಿಂದು, ಆಮೇಲೆ ಸೇರಿತು ಎಂದಿತು. ಅತ್ತೆ ಪರದೆಗೆ ಕೈ ಮುಗಿದರು.

ಅಕ್ಕನ ಮನೆಯಿಂದ ಬಹಳ ದಿನ ಸುದ್ದಿಯಿಲ್ಲ. ಕೇಳಲು ಇವರಿಗೆ ಧೈರ್ಯವಿಲ್ಲ. ಅತ್ತೆ ಹೊಲಿಗೆ ಮಿಷನ್ನಿನ ಹತ್ತಿರ ಹೋಗುವುದನ್ನೇ ಬಿಟ್ಟರು. ಕೊನೆಗೊಂದು ಭಾನುವಾರ ಸಂಘದ ಪುಟದಲ್ಲಿ ಅತ್ತೆಯ ವಿಡಿಯೊದ ಕೆಳಗೆ ಇನ್ನೊಂದು ವಿಡಿಯೊ ಕಾಣಿಸಿತು. ಅಕ್ಕನ ಮಗಳು ಹಾಕಿದ್ದು.

ದೊಡ್ಡತ್ತೆ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಾರೆ. ಮುಖದಲ್ಲಿ ಏನೂ ಇಲ್ಲ. ಅವರಿಗೆ ಕಾಣುತ್ತಿಲ್ಲ ಎಂದುಕೊಂಡಳು ಸೊಸೆ. ಅಷ್ಟರಲ್ಲಿ ಟಿವಿಯಲ್ಲಿ ಅತ್ತೆ ಸೋದರತ್ತೆಯ ಹೆಸರು ಹೇಳುತ್ತ ಕತ್ತು ಕೆರೆದುಕೊಂಡರು, ದೊಡ್ಡತ್ತೆಯ ಭುಜ ಕುಲುಕಿತು. ನಗುತ್ತಿದ್ದರು. ಆಮೇಲೆ ಅವರ ಕೈಗಳು ಎದ್ದವು. ಟಿವಿಯಲ್ಲಿನ ತಂಗಿಯ ಕೈ ಹೋದಲ್ಲಿಗೆಲ್ಲ ಅಕ್ಕನ ಕೈಯೂ ಹೋಯಿತು. ಹಿಂದೆ ಬೀಳಲಿಲ್ಲ, ಜೊತೆಜೊತೆಗೇ ಹೋಯಿತು. ಎಷ್ಟೋ ವರ್ಷಗಳಾಚೆ ಕಲಿತ ಹಾಡನ್ನು ಇಬ್ಬರು ಕೂಡಿ ಹೇಳುವ ಹಾಗೆ ನಾಲ್ಕು ಕೈಗಳು ಆಡಿದವು. ಸೊಸೆಯ ಕಣ್ಣಲ್ಲಿ ನೀರು ಬಂತು, ಅವಳು ಒರೆಸಿಕೊಳ್ಳಲಿಲ್ಲ.

ಟಿವಿಯಲ್ಲಿ ವಿಡಿಯೊ ಮುಗಿಯಿತು. ದೊಡ್ಡತ್ತೆ ಕ್ಯಾಮೆರಾ ಇದೆಯೆಂದು ಊಹಿಸಿದ ಕಡೆಗೆ, ಸ್ವಲ್ಪ ಪಕ್ಕಕ್ಕೆ, ತಿರುಗಿದರು. ಕೈಗಳನ್ನು ಮುಖದ ಹತ್ತಿರ ತಂದು ಏನೋ ಹೇಳಿದರು. ಅತ್ತೆ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಏನಂದ್ರು?" ಎಂದು ಸೊಸೆ ಗಂಡನನ್ನು ಅಲುಗಿಸಿದಳು.

ಅವನು ಪರದೆಯಿಂದ ಕಣ್ಣು ತೆಗೆಯದೆ ಹೇಳತೊಡಗಿದ. "ಸುಳ್ಳು ಹೇಳ್ಬೇಡ ಕಣೇ ಅಂತಿದ್ದಾರೆ. ದೀಪ ಆರಿದ್ಮೇಲೆ ಮಾತು ಎಲ್ಲಿ ಮುಗೀತು? ಹೊದಿಕೆ ಒಳಗೆ ನನ್ನ ಕೈ ಎಳ್ಕೊಂಡು, ಅಂಗೈ ಒಳಗೆ ಬೆರಳಾಡಿಸ್ಕೊಂಡು ಎಷ್ಟು ಹರಟ್ತಿದ್ದೆ, ನಂಗೆ ನಿದ್ದೆ ಮಾಡೋಕೂ ಬಿಡ್ತಿರ್ಲಿಲ್ಲ. ನೀನು ಸಣ್ಣವಳು, ಮರೆತಿದ್ದೀಯ. ನನ್ನ ಕೈಗೆ ನೆನಪಿದೆ. ಕಾಲು ಪೂರ್ತಿ ವಾಸಿ ಮಾಡ್ಕೊಂಡು ಬಾ. ಅವಸರ ಏನಿಲ್ಲ."

ಅತ್ತೆ ಕಣ್ಣು ಮುಚ್ಚಿಕೊಂಡು ಪಕ್ಕಕ್ಕೆ ಕೈ ಚಾಚಿ, ಸಿಕ್ಕ ಕೈಯನ್ನು ಹಿಡಿದರು. ಅದು ಸೊಸೆಯ ಕೈ. ಅಂಗೈಯೊಳಗೆ ಅತ್ತೆಯ ಬೆರಳುಗಳು ಮೊದಲು ತಡವರಿಸಿದವು, ಒಂದು ಕಡೆ ನಿಂತವು, ಆಮೇಲೆ ದಾರಿ ಸಿಕ್ಕಿದಂತೆ ಓಡತೊಡಗಿದವು. ಸೊಸೆಗೆ ಒಂದಕ್ಷರವೂ ತಿಳಿಯಲಿಲ್ಲ. ಅವಳೂ ಕಣ್ಣು ಮುಚ್ಚಿಕೊಂಡು, ಕೈ ಹಿಂದಕ್ಕೆ ತೆಗೆದುಕೊಳ್ಳದೆ, ಇನ್ನೊಂದು ಸಲ ನಿಧಾನಕ್ಕೆ ಹೇಳಿ ಎಂಬಂತೆ ಅಂಗೈಯನ್ನು ಅಗಲವಾಗಿ ಬಿಡಿಸಿದಳು. ಅತ್ತೆ ಮತ್ತೆ ಮೊದಲಿನಿಂದ ಹೇಳಿದರು.