ಕಾಲು ಒರೆಸಿಕೊಂಡು ಹತ್ತಿರಿ

ಕನಕರಾಯ ತನ್ನ ಹಸಿರು ಟೆಂಪೊದ ಬಾಗಿಲ ಮೇಲೆ ‘ಕಾಲು ಒರೆಸಿಕೊಂಡು ಹತ್ತಿರಿ’ ಎಂದು ಹಳದಿ ಬಣ್ಣದಲ್ಲಿ ಬರೆಸಿದ್ದ. ತಿಮ್ಮವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಆ ಪುಣ್ಯಾತ್ಮ ಅದನ್ನು ದಿನಾ ಬಾಯಿಂದಲೂ ಒದರುತ್ತಿದ್ದುದರಿಂದ ಓದು ಬರದವರಿಗೂ ಏನೂ ಕಡಿಮೆಯಾಗಿರಲಿಲ್ಲ.

ತೊಂಬತ್ತೆರಡನೇ ಇಸವಿಯ ಶ್ರಾವಣ. ಮಸ್ಕಿಯ ಸುತ್ತ ಮಳೆ ನಂಬಿದ ಹೊಲಗಳು. ಸಿಂಧನೂರು ದಾಟಿದರೆ ಕಾಲುವೆ ನೀರು, ಕಣ್ಣು ಹೋದಷ್ಟು ದೂರ ಭತ್ತದ ಗದ್ದೆ. ನಾಟಿ ಹಚ್ಚಲು ಮಸ್ಕಿಯಿಂದ ಜವಳಗೇರಾದ ಕಡೆಗೆ ಹೋಗುವ ಹೆಂಗಸರ ಗುಂಪಿಗೆ ತಿಮ್ಮವ್ವ ಮೇಸ್ತ್ರಿ. ನಸುಕಿನಲ್ಲಿ ಬಸ್ಸಿಲ್ಲ, ಟೆಂಪೊ ಬಿಟ್ಟರೆ ಗತಿಯಿಲ್ಲ. ಗತಿಯಿಲ್ಲದವರು ಗಾಡಿ ಹತ್ತಬೇಕಾದರೆ ಗಾಡಿಯವನ ಮಾತನ್ನೂ ಹೊರಬೇಕಾಗುತ್ತದೆ.

ಆ ಟೆಂಪೊ ಬಂದಾಗ ಮಸ್ಕಿಯ ಗಂಡಸರೆಲ್ಲ ಎತ್ತು ನೋಡಿದಂತೆ ಅದನ್ನು ಸುತ್ತು ಹಾಕಿ ನೋಡಿದ್ದರು. ‘ಕಾರವಾರದ ಕಡೀದಂತ. ನಮ್ಮ ಎರಿಮಣ್ಣು ತುಳದಿಲ್ಲ, ನಮ್ಮ ಬಿಸಲು ಉಂಡಿಲ್ಲ, ತಂಪಿನ್ಯಾಗ ಬೆಳದದ್ದು’ ಎಂದು ಮೆಚ್ಚಿ ತಲೆ ಆಡಿಸಿದ್ದರು. ಸಮುದ್ರವನ್ನು ಕ್ಯಾಲೆಂಡರಿನ ಚಿತ್ರದಲ್ಲಷ್ಟೇ ಕಂಡ ಜನ. ತಂಪು ಗಾಳಿ ಮನುಷ್ಯನಿಗೆ ಒಳ್ಳೆಯದಾದರೆ ಕಬ್ಬಿಣಕ್ಕೂ ಒಳ್ಳೆಯದು ಎಂದು ತಿಳಿದರು.

ಕನಕರಾಯನಿಗೆ ಮಾತ್ರ ಹೆಂಗಸರ ಕಾಲಿನದೇ ಚಿಂತೆ. ‘ಗದ್ದಿ ನೀರು ಕೆಟ್ಟದ್ದು, ಜಂಗು ಹಿಡಸತೈತಿ’ ಎಂದು ತುಕ್ಕಿನ ಹೆದರಿಕೆ ಹೇಳುತ್ತಿದ್ದ. ಹೀಗಾಗಿ ಇಡೀ ದಿನ ಕೆಸರಲ್ಲಿ ಬಗ್ಗಿ ನಡ ಮುರಿದುಕೊಂಡ ಹೆಂಗಸರು ಸಂಜೆ ಕಾಲುವೆಯಲ್ಲಿ ಮೊಣಕಾಲವರೆಗೆ ತೊಳೆದು, ಸೀರೆಯ ಸೆರಗಿನಿಂದ ಬೆರಳ ಸಂದಿಯನ್ನೂ ಒರೆಸಿಕೊಂಡು ಹತ್ತುತ್ತಿದ್ದರು. ಯಾರಾದರೂ ಅವಸರ ಮಾಡಿದರೆ ತಿಮ್ಮವ್ವನೇ ಗದರುತ್ತಿದ್ದಳು: ‘ಒರಸ್ಕೋ ಬೇ, ಅಂವನ ಬಾಯಿಗೆ ಯಾಕ ಬೀಳ್ತಿ?’



ಒಂದು ಸಂಜೆ, ಕನಕರಾಯ ಮಸ್ಕಿಯಲ್ಲೇ ಉಳಿದಿದ್ದ ದಿನ, ತಿರುಗಿ ಬರುವಾಗ ಸಿಂಧನೂರಿಗೆ ಇನ್ನೂ ಸ್ವಲ್ಪ ದೂರವಿತ್ತು. ಟೆಂಪೊ ಒಂದು ತಗ್ಗಿಗಿಳಿದು ಎಗರಿತು. ಹಿಂದಿನ ಮೂಲೆಯಲ್ಲಿ ನಿಂತಿದ್ದ ಲಾಲ್‌ಬೀ ಎಂಬ ಹರೆಯದ ಹುಡುಗಿ ಚಿಟ್ಟನೆ ಚೀರಿದಳು. ಅವಳ ಬಲಗಾಲು ರಬ್ಬರಿನ ಹಾಸನ್ನು ಸೀಳಿ, ತಳದ ತಗಡನ್ನು ತೂರಿ ಕೆಳಗೆ ಹೋಗಿತ್ತು. ಓಡುತ್ತಿದ್ದ ರಸ್ತೆ ಅವಳ ಹಿಮ್ಮಡಿಯನ್ನು ಕೆರೆಯುತ್ತಿತ್ತು. ‘ನಿಂದ್ರಸೋ!’ ಎಂದು ಎಲ್ಲರೂ ಬಡಿದ ಮೇಲೆ ಕನಕರಾಯನ ಸಂಬಳದ ಡ್ರೈವರ್ ಗೌಸ್‌ಸಾಬ್ ಬ್ರೇಕ್ ಒತ್ತಿದ. ಎತ್ತಿ ಹೊರತೆಗೆದ ಕಾಲನ್ನು ನೋಡಲಾಗಲಿಲ್ಲ.

ಆ ಹುಡುಗಿ ನೋವಿನಲ್ಲೂ ತಿಮ್ಮವ್ವನ ಕೈ ಹಿಡಿದು ಹೇಳಿದ್ದೇನು? ‘ನನ್ನ ಕಾಲು ಹಸಿ ಇದ್ದಿಲ್ಲ ಅಕ್ಕಾ, ಒರಸ್ಕೊಂಡೇ ಹತ್ತಿದ್ದೆ. ಕನಕರಾಯಣ್ಣಗ ಹೇಳ್ರೀ.’

ಸಿಂಧನೂರಿನ ದವಾಖಾನೆಯಲ್ಲಿ ಲಾಲ್‌ಬೀಗೆ ಹೊಲಿಗೆ ಹಾಕುವಾಗ ತಿಮ್ಮವ್ವ ಹೊರಗೆ ಬಂದು ಟೆಂಪೊದ ಹಾಸು ಎತ್ತಿದಳು. ತಗಡು ಕಟಕ್ ರೊಟ್ಟಿಯ ಹಾಗೆ ಪದರು ಪದರಾಗಿ ಎದ್ದಿತ್ತು. ಬೆರಳಿಟ್ಟರೆ ಪುಡಿ. ಅದರ ಮೇಲೆ ಕಪ್ಪಗೆ ಟಾರು ಬಳಿದು ಮುಚ್ಚಿದ್ದರು. ಮೇಲೆ ಥಳುಕು, ಒಳಗೆ ಹುಳುಕು.

‘ಇದೇನ್ ಗೌಸ್‌ಸಾಬ್?’

ಗೌಸ್‌ಸಾಬ್ ಮೊದಲು ಬೀಡಿ ಹಚ್ಚಿದ. ಆಮೇಲೆ ನೆಲ ನೋಡುತ್ತ ಹೇಳಿದ: ‘ಇದನ್ನ ತರಾಕ ನಾನ ಹೋಗಿದ್ದೆ ಅಕ್ಕಾ. ಸಮುದ್ರದ ದಂಡಿಗೆ ಮೀನಿನ ಸಾವ್ಕಾರನ ಹಿತ್ತಲದಾಗ ವರ್ಷಗಟ್ಲೆ ನಿಂತಿತ್ತು. ಅಲ್ಲಿ ಗಾಳ್ಯಾಗ ಉಪ್ಪು ಇರತೈತಿ. ತುಟಿ ನೆಕ್ಕಿದ್ರ ಉಪ್ಪು. ಆ ಗಾಳಿ ಕಬ್ಬಣದ ಸಂದ್ಯಾಗ ಹೊಕ್ಕು ಕುಂದರತೈತಿ, ಒಳಗಿಂದ ತಿಂತೈತಿ. ಇಲ್ಲಿಗೆ ಬಂದ್ರೂ ಬಿಡಂಗಿಲ್ಲ. ತಳ ಹೊತ್ತ ಕಬ್ಬಣದ ಪಟ್ಟಿಗಳೂ ಹೋಗ್ಯಾವು. ಇನ್ನೊಮ್ಮಿ ಎಗರಿದ್ರ ಒಬ್ಬರ ಕಾಲಲ್ಲ, ಇಡೀ ತಳಾನ ಕಳಚತೈತಿ.’

‘ಕನಕರಾಯಗ ಗೊತ್ತೈತೇನು?’

‘ನಾ ಹೇಳೀನಿ. ಟಾರು ಬಳಿ, ಹಾಸು ಹಾಕು ಅಂದ.’

‘ನಮಗ್ಯಾಕ ಹೇಳಲಿಲ್ಲ? ನಿನ್ನ ಬಾಯಾಗ ಕಡಬು ತುರುಕಿದ್ರೇನು?’

‘ಹೇಳಿದ್ರ ಕೆಲಸ ಬಿಡಸ್ತಿದ್ದ ಅಕ್ಕಾ’ ಎಂದ ಗೌಸ್‌ಸಾಬ್. ಆ ಮಾತು ಕೇಳಿ ಅವಳಿಗೆ ಅವನ ಮೇಲೂ ಸಿಟ್ಟು ಬಂತು, ತನ್ನ ಮೇಲೂ ಬಂತು. ಇಷ್ಟು ದಿನ ಈ ಹೆಂಗಸರಿಗೆ ಕಾಲು ಒರೆಸು ಎಂದು ಗದರಿದವಳು ತಾನೇ ಅಲ್ಲವೇ?

ಆ ರಾತ್ರಿ ಹೆಂಗಸರು ಸಿಂಧನೂರಿನಿಂದ ಬಸ್ಸಿನಲ್ಲಿ ಊರಿಗೆ ಬಂದರು. ಮರುದಿನ ನಸುಕಿನಲ್ಲಿ ಟೆಂಪೊ ಎಂದಿನಂತೆ ಕನಕರಾಯನ ಮನೆಯ ಮುಂದೆ ನಿಂತಿತ್ತು. ಸೀಳಿದ ಜಾಗದ ಮೇಲೆ ಹೊಸ ತಗಡು, ತಗಡಿನ ಮೇಲೆ ಹೊಸ ಹಾಸು. ಹೆಂಗಸರು ಬುತ್ತಿ ಹಿಡಿದು ನಿಂತಿದ್ದರು. ಸಸಿ ಕಿತ್ತಿಟ್ಟಾಗಿತ್ತು, ಇವರು ಹೋಗದಿದ್ದರೆ ಬೇರೆ ಗುಂಪು ಗದ್ದೆಗಿಳಿಯುತ್ತಿತ್ತು.

‘ಹತ್ತ್ರಿ, ಹತ್ತ್ರಿ’ ಎಂದ ಕನಕರಾಯ. ‘ಬಡಕೊಂಡೆ, ಕೇಳಿದ್ರೇನು? ನಿಮ್ಮ ರಾಡಿಗಾಲಿಂದ ನನ್ನ ಗಾಡಿ ಹಾಳಾತು. ಇನ್ನ ಮ್ಯಾಲೆ ಕಾಲು ಒರಸಾಕ ಒಂದೊಂದು ಅರಿವಿ ತುಣುಕು ತರ್ರಿ.’

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ತಿಮ್ಮವ್ವ ಬುತ್ತಿಯನ್ನು ನೆಲಕ್ಕಿಟ್ಟಳು.

‘ಲೇ ಕನಕರಾಯ, ನಾವು ನಾಟಿ ಹಚ್ಚೋ ಗದ್ದಿ ಮಾಲಕ ರೆಡ್ಡಿ ಟ್ರ್ಯಾಕ್ಟರ್ ವರ್ಷಾನುಗಟ್ಲೆ ಅದ ಕೆಸರಾಗ ಮುಳುಗಿ ಏಳಾಕತ್ತೈತಿ. ಅದನ್ನ ತಿನ್ನಲಾರದ ಜಂಗು ನಮ್ಮ ಕಾಲಾಗ ಎಲ್ಲಿಂದ ಬಂತಲೇ? ಸಮುದ್ರದ ಉಪ್ಪುಗಾಳಿ ತಿಂದು ಬಿಟ್ಟ ಎಂಜಲು ಗಾಡಿ ತಂದು, ಟಾರು ಬಳದು, ನಮ್ಮ ಕಾಲಿಗೆ ಹೆಸರಿಡ್ತಿ? ಆ ಹುಡಿಗಿ ರಕ್ತ ಸುರಿಸ್ಕೋತ, ಕಾಲು ಒರಸ್ಕೊಂಡೇ ಹತ್ತಿದ್ದೆ ಅಂತ ನಿನಗ ಹೇಳಿ ಕಳಸ್ಯಾಳ!’

‘ಯಾರಂದ್ರು? ಗಾಡಿ ಗಟ್ಟಿ ಐತಿ. ಆಣಿ ಮಾಡ್ತೀನಿ.’

ತಿಮ್ಮವ್ವ ಗೌಸ್‌ಸಾಬನತ್ತ ನೋಡಿದಳು. ಅವನು ಮುಖ ತಿರುಗಿಸಿ ಇಂಜಿನ್ ಚಾಲೂ ಮಾಡಿದ. ಹೆಂಗಸರಲ್ಲೂ ಗುಸುಗುಸು: ಆಣಿ ಮಾಡಾಕತ್ಯಾನಲ್ಲ, ಸುಳ್ಳು ಯಾಕ ಹೇಳ್ತಾನ. ಇಬ್ಬರು ಆಗಲೇ ಟೆಂಪೊದ ಕಡೆ ಹೆಜ್ಜೆ ಇಟ್ಟರು. ತಿಮ್ಮವ್ವ ಬಾಗಿಲಿಗೆ ಅಡ್ಡ ನಿಂತಳು. ಇವತ್ತು ಇವರು ಹತ್ತಿದರೆ ಸಂಜೆ ಎಷ್ಟು ಜನ ತಿರುಗಿ ಬಂದಾರು?

ಅಷ್ಟರಲ್ಲಿ ಗದ್ದಲ ಕೇಳಿ ಒಳಗಿನಿಂದ ಕನಕರಾಯನ ತಾಯಿ ಶೇಖಮ್ಮ ಬಂದಳು. ಹೆತ್ತವರಿಗೆ ಹೆಗ್ಗಣ ಮುದ್ದು.

‘ಮುಂಜಮುಂಜಾನೆ ನನ್ನ ಮಗನ ಮ್ಯಾಲೆ ಏನು ಒದರಾಟ ತಿಮ್ಮವ್ವಾ? ಅಂವ ಆಣಿ ಮಾಡ್ಯಾನ, ಸಾಕಾಗಲಿಲ್ಲೇನು?’

‘ಸಾಕಾಗಿಲ್ಲ ಬೇ ಯಕ್ಕಾ.’

‘ಸರಿ ಅತ್ತಾಗ!’ ಮುದುಕಿ ತಿಮ್ಮವ್ವನನ್ನು ಪಕ್ಕಕ್ಕೆ ದಬ್ಬಿದಳು. ‘ನನ್ನ ಮಗ ಅಂಥಾಂವಲ್ಲ. ಗಾಡ್ಯಾಗ ನಾನ ಕುಂತು ಜವಳಗೇರಾತನಕ ಬರ್ತೀನಿ. ಎಲ್ಲಿ ಹರದಿತ್ತು ನೆಲ? ಆ ಮೂಲ್ಯಾಗೇನು? ಅಲ್ಲೇ ಕುಂದರ್ತೀನಿ, ನೋಡ್ರೀ ಎಲ್ಲಾರೂ!’

ನೆರಿಗೆ ಎತ್ತಿ ಕಟ್ಟಿ, ಕಂಬಿ ಹಿಡಿದು ಹತ್ತೇಬಿಟ್ಟಳು. ಇಂಜಿನ್ ನಡುಗುತ್ತಿತ್ತು, ತಳವೂ ನಡುಗುತ್ತಿತ್ತು. ಎದೆ ಉಬ್ಬಿಸಿಕೊಂಡು ಹಿಂದಿನ ಮೂಲೆಯತ್ತ ನಡೆದಳು. ಹೊಸ ಹಾಸಿನ ಮೇಲೆ ಇನ್ನೇನು ಹೆಜ್ಜೆ ಇಡಬೇಕು.

‘ಯವ್ವಾ! ಬ್ಯಾಡ! ಅಲ್ಲಿ ಕಾಲಿಡಬ್ಯಾಡ!’

ಕನಕರಾಯ ಜಿಗಿದು ಬಂದಿದ್ದ. ಹಿಂದಿನಿಂದ ತಾಯಿಯ ಎರಡೂ ರಟ್ಟೆಗಳನ್ನು ಬಾಚಿ ಹಿಡಿದಿದ್ದ. ಅವನ ಮುಖ ಸುಣ್ಣದ ಗೋಡೆಯಾಗಿತ್ತು.

ಗೌಸ್‌ಸಾಬ್ ಇಂಜಿನ್ ಆರಿಸಿದ. ಹತ್ತಲು ಮುಂದಾಗಿದ್ದ ಇಬ್ಬರು ಹಿಂದೆ ಸರಿದರು.

ಶೇಖಮ್ಮ ಮಗನ ಕೈಗಳನ್ನು ನೋಡಿದಳು. ಆಮೇಲೆ ಹೊರಗೆ ಸಾಲಾಗಿ ನಿಂತ ಹೆಂಗಸರನ್ನು ನೋಡಿದಳು. ರಟ್ಟೆಯಿಂದ ಅವನ ಬೆರಳುಗಳನ್ನು ಒಂದೊಂದೇ ಕಿತ್ತು ಬಿಡಿಸಿದಳು.

‘ನನ್ನ ಹಿಡದಿ’ ಎಂದಳು. ‘ಇವರನ್ನ ಯಾಕ ಹಿಡಿಲಿಲ್ಲಲೇ?’