ಮಧ್ಯ ದಾಟದ ಮುಳ್ಳು

ಕಾರನ್ನು ಹಗ್ಗ ಕಟ್ಟಿ ಎಳೆದು ತಂದು ರಿಪೇರಿ ಶೆಡ್ಡಿನೊಳಗೆ ನಿಲ್ಲಿಸಿದಾಗ ಮೇಸ್ತ್ರಿ ಕಾರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವನು ನೋಡುತ್ತಿದ್ದದ್ದು ಸ್ಟಿಯರಿಂಗ್ ಹಿಡಿದು ಕೂತಿದ್ದ ಅಳಿಯನ ಕೆನ್ನೆಯನ್ನು. ಏಟು ಎಲ್ಲಿ ಬಿಟ್ಟರೆ ಚೆನ್ನಾಗಿ ಕೂರುತ್ತದೆ ಎಂದು ಅಳೆಯುತ್ತಿದ್ದ.

ಬೀದಿಯವರು ಬೆನ್ನ ಹಿಂದೆ ಮೇಸ್ತ್ರಿಗೆ ಇಟ್ಟಿದ್ದ ಹೆಸರು ಕುಕ್ಕರ್. ಸೀಟಿ ಹೊಡೆದು ತಣ್ಣಗಾಗುವವರೆಗೂ ಹತ್ತಿರ ಹೋಗಬಾರದು ಎಂದು ನಗುತ್ತಿದ್ದರು. ಆ ವಾರ ಮಾತ್ರ ಯಾರೂ ನಗಲಿಲ್ಲ. ಮೇಸ್ತ್ರಿಯ ಒಬ್ಬಳೇ ಮಗಳು ಹೆರಿಗೆ ನೋವಿನಲ್ಲಿ ಗಂಡನ ಕಾರು ಹತ್ತಿ ಆಸ್ಪತ್ರೆಗೆ ಹೊರಟಿದ್ದಳು. ಏರುದಾರಿಯಲ್ಲಿ ಎಂಜಿನ್ ಕುದ್ದು ನಿಂತುಬಿಟ್ಟಿತು. ಹಿಂದೆ ಮುಂದೆ ಒಂದು ನರಪಿಳ್ಳೆಯೂ ಇಲ್ಲದ ಜಾಗ. ಕೊನೆಗೆ ಮರದ ದಿಮ್ಮಿ ಹೇರಿಕೊಂಡು ಬಂದ ಲಾರಿಯೊಂದು ಅವರನ್ನು ಆಸ್ಪತ್ರೆ ಮುಟ್ಟಿಸಿತು. ತಾಯಿ ಉಳಿದಳು. ಮಗು ಅಳಲೇ ಇಲ್ಲ.

ಈಗ ಅವಳು ಶೆಡ್ಡಿಗೆ ಅಂಟಿಕೊಂಡಂತಿದ್ದ ಅಪ್ಪನ ಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಗಂಡ ಬಂದು ಬಾಗಿಲಲ್ಲಿ ನಿಂತರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅವಳು ಮತ್ತೆ ಅವನ ಮನೆಗೆ ಹೋಗುತ್ತಾಳೋ ಇಲ್ಲವೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮೇಸ್ತ್ರಿ ಮಾತ್ರ ತೀರ್ಪು ಬರೆದಾಗಿತ್ತು. ಎಂಜಿನ್ ಅನ್ನುವುದು ಹೇಳದೆ ಕೇಳದೆ ಸಾಯುವ ವಸ್ತುವಲ್ಲ. ಮೊದಲು ಬಿಸಿ ತೋರಿಸುವ ಮುಳ್ಳು ಏರುತ್ತದೆ, ಕೆಂಪು ಗೆರೆ ಮುಟ್ಟುತ್ತದೆ. ಕಣ್ಣಿದ್ದವನು ಗಾಡಿ ನಿಲ್ಲಿಸುತ್ತಾನೆ.

"ಇಳಿಯೋ ಕೆಳಗೆ," ಎಂದ. "ಮುಳ್ಳು ಕೆಂಪಿಗೆ ಹೋದಾಗ ಎಲ್ಲಿ ಸತ್ತಿದ್ದವು ನಿನ್ನ ಕಣ್ಣು?"

ಅಳಿಯ ಇಳಿದ. ಅವನ ಗಡ್ಡ ಬೆಳೆದು ಮುಖ ಯಾರದ್ದೋ ಅನ್ನಿಸುತ್ತಿತ್ತು. "ಮುಳ್ಳು ಮಧ್ಯ ದಾಟಲೇ ಇಲ್ಲ ಮಾವ. ಆಸ್ಪತ್ರೆಯಲ್ಲೂ ಹೇಳ್ದೆ. ಇವತ್ತೂ ಅದನ್ನೇ ಹೇಳ್ತೀನಿ."

"ಮಧ್ಯದಲ್ಲಿ ಮುಳ್ಳು ಇಟ್ಕೊಂಡು ಎಂಜಿನ್ ಕುದೀತಾ? ಯಾರಿಗೆ ಕಿವಿ ಮೇಲೆ ಹೂ ಇಡ್ತಿದ್ದೀಯ? ನಾನು ಹುಟ್ಟಿದಾಗಿಂದ ಗ್ರೀಸ್ ತಿಂದವನು!"

"ನೀವೇ ಬಿಚ್ಚಿ ನೋಡಿ. ನನ್ನದು ಸುಳ್ಳು ಅಂತ ಆದ್ರೆ ಮತ್ತೆ ಅವಳನ್ನ ಕರೆಯೋಕೆ ಈ ಬಾಗಿಲಿಗೆ ಬರಲ್ಲ."

ಮೇಸ್ತ್ರಿಗೆ ಬೇಕಾಗಿದ್ದೂ ಅದೇ. ಬಾನೆಟ್ ಎತ್ತಿದ. ಎಂಜಿನ್ನಿನ ತಲೆ ಬಿರುಕು ಬಿಟ್ಟಿತ್ತು, ನೀರು ಚಿಮ್ಮಿ ಒಣಗಿದ ಕಲೆ ಎಲ್ಲ ಕಡೆ ಹರಡಿತ್ತು. ಅದನ್ನು ಬಿಟ್ಟು ಅವನ ಕೈ ನೇರ ಹೋದದ್ದು ಎಂಜಿನ್ ಪಕ್ಕದ ಬೆರಳುದ್ದದ ಸೆನ್ಸರಿಗೆ. ನೀರಿನ ಬಿಸಿಯನ್ನು ಕಾರಿನ ಕಂಪ್ಯೂಟರಿಗೆ ತಿಳಿಸುವುದು ಇದೇ. ಮುಳ್ಳು ಏರುವುದೂ, ರೇಡಿಯೇಟರಿನ ಫ್ಯಾನ್ ತಿರುಗುವುದೂ ಇದು ಹೇಳಿದ ಮಾತಿನ ಮೇಲೆ. ಮೇಸ್ತ್ರಿ ಅದನ್ನು ಬಿಚ್ಚಿ ಅಂಗೈಯಲ್ಲಿ ಉರುಳಿಸಿದ. ನೋಡಲು ಚೆನ್ನಾಗಿಯೇ ಇತ್ತು.

ಅಡುಗೆಮನೆಗೆ ಹೋಗಿ, "ನೀರು ಕುದಿಸು. ಸಣ್ಣ ಪಾತ್ರೆ ಕೊಡು," ಎಂದ.

ಹೆಂಡತಿ ಶೆಲ್ಫಿನ ಮೂಲೆಯಿಂದ ಹಿಡಿಕೆ ಇರುವ ಪುಟ್ಟ ಪಾತ್ರೆ ತೆಗೆದಳು. ಅಂಗಡಿಯ ಚೀಟಿ ಇನ್ನೂ ತಳಕ್ಕೆ ಅಂಟಿಕೊಂಡಿತ್ತು.

"ಇದು ಹೊಸದಲ್ವೇನೇ? ಎಣ್ಣೆ ಜಿಡ್ಡು ಆಗುತ್ತೆ."

"ಆಗಲಿ. ಇನ್ಯಾರಿಗೆ ಹಾಲು ಕಾಯಿಸಬೇಕು ಅದರಲ್ಲಿ?"

ಮೇಸ್ತ್ರಿ ಪಾತ್ರೆ ತೆಗೆದುಕೊಂಡ.

ಕುದಿಯುವ ನೀರನ್ನು ಶೆಡ್ಡಿಗೆ ತಂದು, ಪಂಪ್ ಸ್ಟೌವಿನ ಮೇಲೆ ಕುದಿ ನಿಲ್ಲದಂತೆ ಇಟ್ಟ. ಸೆನ್ಸರಿನ ಮೂತಿಯನ್ನು ನೀರಿಗೆ ಇಳಿಬಿಟ್ಟು ಕರೆಂಟಿನ ತಡೆ ಅಳೆಯುವ ಮೀಟರಿನ ಕಡ್ಡಿ ತಾಗಿಸಿದ. ಬಿಸಿ ಏರಿದಂತೆ ಅಂಕಿ ಇಳಿಯಬೇಕು, ಅದು ಈ ಸೆನ್ಸರಿನ ಧರ್ಮ. ಅಂಕಿ ಸರಸರನೆ ಇಳಿದು ಸರಿಯಾದ ಜಾಗದಲ್ಲಿ ನಿಂತಿತು.

"ನೋಡಿದ್ಯಾ? ಸೆನ್ಸರ್ ಬಂಗಾರದ ಹಾಗಿದೆ. ಈಗೇನಂತೀಯ?"

ಅಳಿಯ ಬಗ್ಗಿ ಮೀಟರಿನ ಅಂಕಿ ನೋಡಿದ.

ಮೇಸ್ತ್ರಿ ಸೆನ್ಸರಿನ ಬಾಲಕ್ಕೆ ಕಾರಿನ ವೈರನ್ನೇ ಸಿಕ್ಕಿಸಿದ. ಮೂತಿ ಕುದಿನೀರಿನಲ್ಲಿ, ಬಾಲ ಕಾರಿನಲ್ಲಿ. ಈಗ ಕೀ ತಿರುವಿದರೆ ಮುಳ್ಳು ಕೆಂಪು ಗೆರೆಯ ಬುಡಕ್ಕೆ ಹೋಗಿ ನಿಲ್ಲಬೇಕು, ಅಳಿಯನ ಬಾಯಿ ಮುಚ್ಚಬೇಕು. ಆದರೆ ಮುಳ್ಳು ನೋಡಿ ಹೇಳುವವರು ಯಾರು? ಅಳಿಯನ ಮಾತು ಬೇಕಿರಲಿಲ್ಲ. ಹೆಂಡತಿಯನ್ನು ಕೂಗಿ ಡ್ರೈವರ್ ಸೀಟಿನಲ್ಲಿ ಕೂರಿಸಿದ.

"ನಂಗೇನು ತಿಳಿಯುತ್ತೆ ರೀ ಇದೆಲ್ಲ?"

"ಗಡಿಯಾರ ನೋಡೋಕೆ ಬರುತ್ತಲ್ಲ? ಅಷ್ಟೇ. ಕೀ ತಿರುವು. ಮುಳ್ಳು ಎಲ್ಲಿದೆ?"

"ಕೆಳಗಿದೆ... ಏಳ್ತಾ ಇದೆ... ನಿಂತ್ಕೊಳ್ತು."

"ಕೆಂಪಿನ ಹತ್ರ ತಾನೇ?"

"ಕೆಂಪೆಲ್ಲಿ ಬಂತು ರೀ. ಅರ್ಧಕ್ಕೂ ಬಂದಿಲ್ಲ."

"ಸರಿಯಾಗಿ ನೋಡೇ!"

"ಕಣ್ಣು ಕಿತ್ತು ಅದರ ಮೇಲೇ ಇಟ್ಟಿದ್ದೀನಿ. ಅರ್ಧಕ್ಕೆ ಇನ್ನೂ ಕೂದಲೆಳೆ ಕಮ್ಮಿ."

ಮೇಸ್ತ್ರಿ ಅವಳನ್ನು ಸರಿಸಿ ತಾನೇ ಬಗ್ಗಿ ನೋಡಿದ. ಸ್ಟೌವಿನ ಮೇಲೆ ನೀರು ಕೊತಕೊತ ಕುದಿಯುತ್ತಿತ್ತು. ಮುಳ್ಳು, ಊಟ ಮುಗಿಸಿ ಒರಗಿದವನ ಹಾಗೆ, ಮಧ್ಯದ ಕೆಳಗೆ ಹಾಯಾಗಿ ಬಿದ್ದಿತ್ತು.

ಆಮೇಲೆ ಅವನು ಬೈಯಲಿಲ್ಲ. ಸೆನ್ಸರ್ ನಿಜ ಹೇಳುತ್ತಿದೆ, ಮಾತು ದಾರಿಯಲ್ಲಿ ಕೆಡುತ್ತಿದೆ. ವೈರು ಪೂರ್ತಿ ತುಂಡಾಗಿದ್ದರೆ ಕಂಪ್ಯೂಟರಿಗೇ ಅನುಮಾನ ಬಂದು ಎಚ್ಚರಿಕೆಯ ದೀಪ ಹತ್ತುತ್ತಿತ್ತು. ಇದು ತುಂಡಲ್ಲ. ನಂಬುವಷ್ಟು ಮಾತ್ರ ಸುಳ್ಳು ಬೆರೆಸುವ ದೋಷ. ಸೆನ್ಸರಿನಿಂದ ಹೊರಟ ಅರ್ಥಿಂಗ್ ವೈರನ್ನು ಬೆರಳಲ್ಲಿ ಸವರುತ್ತಾ ಹೋದ. ಬ್ಯಾಟರಿ ತಟ್ಟೆಯ ಅಡಿಯಲ್ಲಿ ಒಂದು ಕನೆಕ್ಟರ್. ಬಿಡಿಸಿದರೆ ಒಳಗಿನ ಪಿನ್ನಿಗೆ ಹಸಿರು ಕಿಲುಬು ತುಂಬಿಕೊಂಡಿತ್ತು. ಅದರ ತಡೆಯೂ ಸೇರಿ ಕಂಪ್ಯೂಟರಿಗೆ ನೀರು ತಣ್ಣಗಿದ್ದಂತೆ ಕಾಣುತ್ತಿತ್ತು. ಒಂದು ತುಂಡು ವೈರು ತೆಗೆದು, ಆ ಕಿಲುಬನ್ನು ಬಿಟ್ಟು, ಸೆನ್ಸರಿನ ಅರ್ಥಿಂಗನ್ನು ನೇರವಾಗಿ ಬ್ಯಾಟರಿಯ ಮೈನಸ್ಸಿಗೆ ಮುಟ್ಟಿಸಿದ.

"ಅಯ್ಯೋ, ಏರ್ತು ರೀ! ಕೆಂಪಿಗೇ ಹೋಯ್ತು!" ಎಂದು ಹೆಂಡತಿ ಕೂಗುವಷ್ಟರಲ್ಲಿ ರೇಡಿಯೇಟರಿನ ಫ್ಯಾನ್ ಗುರ್ರೆಂದು ತಿರುಗತೊಡಗಿತು. ಸತ್ತ ಎಂಜಿನ್ನಿನ ಮುಂದೆ, ಯಾರಿಗೂ ಬೇಡದ ಗಾಳಿ. ಅಳಿಯ ಕೆಳಗೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಮೇಸ್ತ್ರಿ ಕೀ ಆರಿಸಿದ. ಕೈ ಒರೆಸಿಕೊಂಡು ನಿಂತ. ಒಬ್ಬನನ್ನು ದ್ವೇಷಿಸಲು ಇಟ್ಟುಕೊಂಡಿದ್ದ ಕಾರಣ ಕೈಯಿಂದ ಜಾರಿ ಹೋದರೆ ಮನುಷ್ಯನಿಗೆ ಹಗುರವಾಗುವುದಿಲ್ಲ.

"ಎದ್ದೇಳು," ಎಂದ. "ನಾನೇ ಅವಳಿಗೆ ಹೇಳ್ತೀನಿ."

ಇಬ್ಬರೂ ಕೋಣೆಯ ಬಾಗಿಲಿಗೆ ಬಂದರು, ಹಿಂದೆಯೇ ಮೇಸ್ತ್ರಿಯ ಹೆಂಡತಿಯೂ. ಮಗಳು ಈ ಕಡೆ ತಿರುಗಿ ಮಲಗಿದ್ದಳು. ಫ್ಯಾನಿನ ಸದ್ದು ಕೇಳಿಸಿರಬೇಕು.

"ಮಗಾ, ಅವನು ಸುಳ್ಳು ಹೇಳಿಲ್ಲ. ಅರ್ಥಿಂಗಿಗೆ ಕಿಲುಬು ಹಿಡಿದಿತ್ತು. ನೀರು ಕುದ್ರೂ ಮುಳ್ಳು ಮಧ್ಯ ದಾಟ್ತಿರಲಿಲ್ಲ, ಫ್ಯಾನೂ ತಿರುಗ್ತಿರಲಿಲ್ಲ. ನಿಮ್ಮಮ್ಮನೇ ನೋಡಿದಾಳೆ."

"ಮುಳ್ಳು ಏರಿತ್ತು ಅಂತ ನಾನು ಯಾವಾಗ ಹೇಳ್ದೆ?" ಎಂದಳು ಮಗಳು. ಅಷ್ಟು ದಿನಗಳ ಮೇಲೆ ಅವಳು ಆಡಿದ ಮೊದಲ ಮಾತು ಅದು. "ಅವರ ಹಿಂದಿನ ಸೀಟಲ್ಲೇ ಇದ್ದೆ. ಮುಳ್ಳು ನಂಗೂ ಕಾಣ್ತಿತ್ತು."

"ಮತ್ತೆ?"

"ವಾಸನೆ ಬಂತು ಅಪ್ಪಾ. ಸಿಹಿ ಸಿಹಿ, ರೇಡಿಯೇಟರಿಗೆ ಹಾಕೋ ಕೂಲೆಂಟ್ ಸುಟ್ಟಿದ್ದು. ಈ ಶೆಡ್ಡಲ್ಲಿ ಬೆಳೆದವಳಿಗೆ ಆ ವಾಸನೆ ಗೊತ್ತಾಗಲ್ವಾ? ಆಗಿನ್ನೂ ಏರು ಹತ್ತಿರಲಿಲ್ಲ. ಪೆಟ್ರೋಲ್ ಬಂಕ್ ಇತ್ತು, ಅಂಗಡಿ ಇತ್ತು, ಜನ ಇದ್ರು. ನಿಲ್ಲಿಸಿ, ಬೇರೆ ಗಾಡಿ ಹಿಡಿಯೋಣ ಅಂದೆ. ಕೂಗಿ ಹೇಳ್ದೆ. 'ಮುಳ್ಳು ಸರಿಯಾಗಿದೆ, ನಿಂಗೆ ನೋವಲ್ಲಿ ಏನೇನೋ ಅನ್ಸುತ್ತೆ' ಅಂದ್ರು."

ಮೇಸ್ತ್ರಿ ನಿಧಾನವಾಗಿ ಅಳಿಯನ ಕಡೆ ತಿರುಗಿದ. "ಅವಳು ಹೇಳಿದ್ಲಾ?"

"ಹೇಳಿದ್ಲು."

"ಹೇಳಿದ್ರೂ ಓಡಿಸ್ದೆ? ಬೋಳಿಮಗನೇ, ಮೂಗಿರಲಿಲ್ವಾ ನಿಂಗೆ?"

ಕಾಲರಿಗೆ ಬಿದ್ದ ಕೈಯನ್ನು ಅಳಿಯ ಬಿಡಿಸಿಕೊಳ್ಳಲಿಲ್ಲ. "ಇತ್ತು ಮಾವ. ಹೋದ ಸಲ ವಾಸನೆ ಬರ್ತಿದೆ ಅಂತ ಗಾಡಿ ತಂದಿದ್ದೆ. ನೀವು ಬಾನೆಟ್ ಕೂಡ ಎತ್ತಲಿಲ್ಲ. ನಾಲ್ಕು ಗಿರಾಕಿಗಳ ಮುಂದೆ, 'ಮೂಗು ಮನೇಲಿಟ್ಟು ಬಾ, ಮುಳ್ಳು ನೋಡ್ಕೊಂಡು ಓಡಿಸು, ಗಂಡಸೋ ಪೊಲೀಸ್ ನಾಯಿಯೋ' ಅಂದ್ರಿ. ಎಲ್ಲರೂ ನಕ್ಕರು. ನಾನೂ ನಕ್ಕೆ."

ಮೇಸ್ತ್ರಿಗೆ ಆ ದಿನ ನೆನಪಿಗೂ ಬರಲಿಲ್ಲ. ಅಂಥ ಮಾತು ಅವನು ದಿನಕ್ಕೆ ಹತ್ತು ಜನಕ್ಕೆ ಹೇಳುತ್ತಿದ್ದ. ಮಗಳು ಅಪ್ಪನನ್ನು ನೋಡಿದಳು. ಅವಳಿಗೆ ಪುರಾವೆ ಬೇಕಿರಲಿಲ್ಲ, ಆ ಮಾತಿನ ಧಾಟಿ ಹುಟ್ಟಿದಾಗಿನಿಂದ ಕೇಳಿದ್ದು. ಕಾಲರ್ ಹಿಡಿದ ಕೈ ತಾನಾಗಿ ಸಡಿಲವಾಯಿತು.

"ಸುಳ್ಳು ಹೇಳಿದ್ರೆ ಎಷ್ಟೋ ವಾಸಿ ಇತ್ತು," ಎಂದಳು ಮಗಳು ಗಂಡನಿಗೆ. "ಬೈದು, ಅತ್ತು, ನಿಮ್ಮ ಜೊತೆ ಬರ್ತಿದ್ದೆ. ಸುಳ್ಳು ಹೇಳಿದ್ದು ಆ ಕಿಲುಬು. ನಾನು ನಿಜ ಹೇಳಿದ್ದೆ. ಯಾವುದನ್ನ ನಂಬೋದು ಅಂತ ಬಂದಾಗ ನೀವು ನನ್ನನ್ನ ಬಿಟ್ಟು ಅದನ್ನ ನಂಬಿದ್ರಿ."

"ತಪ್ಪಾಯ್ತು ಕಣೇ."

"ಹೂಂ." ಅವಳು ಗೋಡೆ ಹಿಡಿದು ಎದ್ದು ಕೂತಳು. "ಅಮ್ಮಾ, ಚಿಕ್ಕಮ್ಮನ ಮನೆಗೆ ಹೋಗೋಣ ಬಾ. ಬಟ್ಟೆ ಇಟ್ಕೋ."

"ನಾನು ಬಿಟ್ಟು ಬರ್ತೀನಿ, ವ್ಯಾನ್ ತೆಗೀತೀನಿ," ಎಂದ ಮೇಸ್ತ್ರಿ.

"ಬೇಡ ಅಪ್ಪಾ. ಬಸ್ಸಿದೆ."

"ಈ ಸ್ಥಿತೀಲಿ ಬಸ್ಸಾ? ಹುಚ್ಚು ಹಿಡಿದಿದ್ಯಾ ನಿಂಗೆ, ಹೊಲಿಗೆ ಇನ್ನೂ..."

ಮೇಸ್ತ್ರಿಯ ಹೆಂಡತಿ ಗಂಡನನ್ನು ದಾಟಿಕೊಂಡು ಹೋಗಿ ಬೀರು ತೆರೆದಳು. "ಅವಳು ಬೇಡ ಅಂದ್ಲು. ಕೇಳಿಸ್ತಲ್ಲ?" ಎಂದಳು, ಹಿಂತಿರುಗಿ ನೋಡದೆ.

ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಹೊರಟರು. ಶೆಡ್ಡಿನ ನಡುವೆಯೇ ದಾರಿ. ಮಗಳು ಹೆಜ್ಜೆ ಕಿರಿದು ಮಾಡಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಕಾರಿನ ಪಕ್ಕದಲ್ಲೇ ನಡೆದುಹೋದಳು. ಬಸ್ ನಿಲ್ದಾಣ ಬೀದಿಯ ಕೊನೆಗಿತ್ತು. ಗಂಡಸರಿಬ್ಬರೂ ಬಾಗಿಲಲ್ಲಿ ನಿಂತು ನೋಡಿದರು. ನಡುವೆ ಅವಳು ಒಮ್ಮೆ ನಿಂತು ಅಮ್ಮನ ಭುಜಕ್ಕೆ ಒರಗಿದಾಗ ಇಬ್ಬರ ಕಾಲೂ ಮುಂದಕ್ಕೆ ಬಂದವು, ಇಬ್ಬರೂ ಹೋಗಲಿಲ್ಲ.

"ಬರ್ತಾಳಾ ಮಾವ?" ಎಂದ ಅಳಿಯ.

ಮೇಸ್ತ್ರಿ ಬಾಯಿ ತೆರೆದ. ಯಾರು ಏನು ಕೇಳಿದರೂ ಥಟ್ಟನೆ ಉತ್ತರ ಎಸೆದು ಅಭ್ಯಾಸವಾದ ಬಾಯಿ ಅದು.

"ನನ್ನ ಕೇಳಬೇಡ ಕಣೋ," ಎಂದ. "ಇನ್ಮೇಲೆ ಯಾವುದನ್ನೂ ನನ್ನ ಕೇಳಬೇಡ."