ಐದು ಸೆಕೆಂಡು

ನಮ್ಮ ಯಜಮಾನರು ಮತ್ತೆ ತುಟಿ ಕೂಡಿಸಿದರು, ಮೇಲಿನದು ಕೆಳಗಿನದನ್ನು ಒತ್ತಿ, ಒಳಗೆ ಏನೋ ಸಿಕ್ಕಿಕೊಂಡಂತೆ — ಪರದೆಯ ಮೇಲೆ ಬಾಗಿಲಿನ ಚಿತ್ರ, ಹೇಳ್ರೀ, ನಿಧಾನಕ್ಕೆ ಹೇಳಿ, ಒಂದು, ಎರಡು, ಮೂರು, ಅಷ್ಟರಲ್ಲಿ ನನ್ನ ನಾದಿನಿ, ಬಾಗಿಲು ಕಣೋ ಅಣ್ಣ, ಅಷ್ಟೂ ಗೊತ್ತಾಗಲ್ವಾ, ಇವಳ ಬಾಯಿಗೆ ಬೀಗ ಹಾಕುವವರು ಯಾರೂ ಇಲ್ಲವೇ, ಮೂವತ್ತು ವರ್ಷ ಬಡಗಿ ಕೆಲಸ ಮಾಡಿದವರಿಗೆ, ಊರೆಲ್ಲ ಬಾಗಿಲು ಕೂರಿಸಿದವರಿಗೆ ಇವಳು ಬಾಗಿಲು ಹೇಳಿಕೊಡುತ್ತಾಳಂತೆ, ಅವರಿಗೆ ಗೊತ್ತಿದೆ ಕಣೇ, ಎಲ್ಲ ಗೊತ್ತಿದೆ, ಅಫೇಸಿಯಾ, ಸೋಮವಾರ ನಾನು ಕಲಿತ ಪದ, ಮಾತು ಕಲಿಸುವ ಮೇಡಂ ಹೇಳಿದ್ದು, ಪಾರ್ಶ್ವವಾಯು ಹೊಡೆದದ್ದು ಬುದ್ಧಿಗಲ್ಲ, ಮಾತಿಗೆ, ಪದಗಳೆಲ್ಲ ಒಳಗೇ ಇವೆ, ಬರುವ ದಾರಿ ಕಟ್ಟಿದೆ ಅಷ್ಟೆ. ಮಂಗಳವಾರ, ಬುಧವಾರ ಕಚೇರಿಯಲ್ಲಿ ತರಬೇತಿ, ಐವತ್ತು ದಾಟಿದ ಗುಮಾಸ್ತೆಯರಿಗೂ ಪ್ರೋಗ್ರಾಮಿಂಗ್ ಬರಬೇಕಂತೆ, ಎಣಿಕೆ ಸೊನ್ನೆಯಿಂದ ಶುರು ಮೇಡಂ ಅಂದ ಆ ಮೇಷ್ಟ್ರು ಹುಡುಗ, ನಮ್ಮ ಮನೆಯಲ್ಲಿ ಎರಡು ತಿಂಗಳಿಂದ ಎಲ್ಲ ಸೊನ್ನೆಯಿಂದಲೇ ಕಣಪ್ಪ, ಲೂಪ್ ಎಂದರೆ ಹೇಳಿದ್ದನ್ನೇ ಬೇಸರವಿಲ್ಲದೆ ಮಾಡುತ್ತಲೇ ಇರುವುದು, ಅದನ್ನೂ ಕಲಿತೆ, ಗುರುವಾರ ಕೂತು ಇವರಿಗಾಗಿ ನಾನೇ ಒಂದು ಪ್ರೋಗ್ರಾಂ ಬರೆದೆ, ಚಿತ್ರ ತೋರಿಸು, ಐದು ಸೆಕೆಂಡು ಕಾಯಿ, ಉತ್ತರ ಹೇಳು, ಮುಂದಿನ ಚಿತ್ರ — ಉತ್ತರಕ್ಕೆ ನನ್ನದೇ ದನಿ ರೆಕಾರ್ಡ್ ಮಾಡಿ ಹಾಕಿದೆ, ಏನು ಜಂಬ ನನಗೆ, ಇವತ್ತು ಶನಿವಾರ ಬೆಳಿಗ್ಗೆ ಮಾತು ಕಲಿಸುವ ಮೇಡಂಗೆ ತೋರಿಸಿದರೆ, ಐದು ಸೆಕೆಂಡಾ, ಇವರಿಗೆ ಇಪ್ಪತ್ತಾದ್ರೂ ಬೇಕು, ನೀವೂ ಮಧ್ಯೆ ಬಾಯಿ ಹಾಕ್ತೀರಲ್ಲಮ್ಮ, ಎಂದರು, ನಾನೂ ಅಂತೆ, ಮೈಯೆಲ್ಲ ಉರಿದುಹೋಯಿತು, ನಾದಿನಿಗಾದರೆ ಬಾಯಿ ನೋಯುತ್ತದೆ, ನಾನು ನೋಯದ ಬಾಯಿಯೊಂದನ್ನು ತಂದು ಗಂಡನೆದುರು ಕೂರಿಸಿದ್ದೇನೆ.

ಐದನ್ನು ಅಳಿಸಿ ಇಪ್ಪತ್ತು ಮಾಡಿದ್ದೇನೆ, ಈಗ ಲೋಟದ ಚಿತ್ರ, ಲೋಟಕ್ಕೂ ತುಟಿ ಕೂಡಿಸುತ್ತಾರೆ, ಚಮಚಕ್ಕೂ, ಕುರ್ಚಿಗೂ, ಎರಡು ದಿನದಿಂದ ಹೀಗೇ, ಪ್ರತಿ ಸಲವೂ ತಪ್ಪು ಎಂದು ಗುರುತು ಹಾಕಿದ್ದೇನೆ, ನಾದಿನಿ ಬಾಯಿ ತೆರೆದಳು, ಸುಮ್ನಿರೇ ಎಂದು ಅವಳ ಕೈ ಗಟ್ಟಿಯಾಗಿ ಹಿಡಿದೆ, ಒಂಬತ್ತು, ಹತ್ತು, ಲೋಟ ನನ್ನ ನಾಲಿಗೆಯ ತುದಿಯಲ್ಲೇ ಇದೆ, ಕಚ್ಚಿ ಹಿಡಿದೆ, ಹದಿನಾಲ್ಕು, ಅವರ ಕುತ್ತಿಗೆಯ ನರ ಉಬ್ಬಿತು, ಹದಿನೇಳು, ತುಟಿ ಬಿಚ್ಚಿತು, ಬೇ, ಎಂದರು, ಬೇಡ — ಪರದೆಯನ್ನಲ್ಲ, ನನ್ನನ್ನೇ ನೋಡುತ್ತ, ಬೇಡ, ಎಷ್ಟು ಸ್ಪಷ್ಟ, ಅಯ್ಯೋ, ಎರಡು ದಿನದಿಂದ ಇದನ್ನೇ ಹೇಳಲು ಒದ್ದಾಡುತ್ತಿದ್ದರೇ, ಆಯ್ತು ರೀ, ಬೇಡ ಬಿಡಿ ಎನ್ನಬೇಕು, ಅಷ್ಟರಲ್ಲಿ ಇಪ್ಪತ್ತು ತುಂಬಿತು, ಯಂತ್ರದೊಳಗಿಂದ ನನ್ನದೇ ದನಿ, ಲೋಟ, ಲೋಟ, ಎಂದಿತು, ಅವರ ತುಟಿ ಮತ್ತೆ ಕೂಡಿಕೊಂಡಿತು, ಮೇಲಿನದು ಕೆಳಗಿನದನ್ನು ಒತ್ತಿ.